ನಿಸ್ತಂತು ಹಾಜರಿ

೧೦ ಜೂನ್ ೨೦೨೫, ಮಂಗಳವಾರ. ಸುರಪುರ

ಇಂದು ಬೆಳಗಿನ ಘಟನೆಯನ್ನು ನನ್ನ ನಾದಿನಿ ಮೌನೇಶ್ವರಿ ನಳದ ಕಟ್ಟೆಯ ಬಳಿ ನಿಂತು ವಿವರಿಸಿದ ರೀತಿ ಶುದ್ಧ ತಪ್ಪು. ಆಕೆಯ ಮಾತುಗಳನ್ನು ಕಿಟಕಿಯಿಂದ ನಾನೇ ಕೇಳಿದೆ: "ಡಾಕ್ಟರಬಾಯಿ ಕಂಪ್ಯೂಟರಿನಾಗಿಂದ ಬೈದ್ಳು, ವೈನಿ ಸಿಟ್ಟಿಗೆದ್ದು ಕಂಪ್ಯೂಟರಿಗಿ ಬಡದ್ರು, ಅಣ್ಣ ಹೋ ಅಂತ ಅತ್ತ." ಓಣಿ ಇದನ್ನು ನಂಬಿದೆ. ಸರಿಯಾದ ವೃತ್ತಾಂತ ಎಲ್ಲಾದರೂ ಒಂದು ಕಡೆ ಇರಲೆಂದು ಇಲ್ಲಿ ಬರೆಯುತ್ತೇನೆ.

ಕಹಕಶಾ ಅವರು ವೈದ್ಯೆಯಲ್ಲ, ವಾಕ್‌ಚಿಕಿತ್ಸಕಿ. ಕಲಬುರಗಿಯಲ್ಲಿದ್ದುಕೊಂಡು ಮಂಗಳವಾರ ಮತ್ತು ಶುಕ್ರವಾರ ನಮ್ಮ ಗಣಕಯಂತ್ರದ ಪರದೆಯ ಮೇಲೆ ಬಂದು ನಮ್ಮ ಯಜಮಾನರಿಗೆ ಮಾತು ಕಲಿಸುತ್ತಾರೆ. ಅವರು ಬೈಯಲಿಲ್ಲ. ನಾನು ಬಡಿಯಲಿಲ್ಲ, ಯಂತ್ರದ ಮಗ್ಗುಲನ್ನು ಅಂಗೈಯಿಂದ ತಟ್ಟಿದೆ. ಇವರು ಅಳಲೂ ಇಲ್ಲ. ಕಣ್ಣುಗಳು ಒದ್ದೆಯಾಗಿದ್ದವು, ಅದಕ್ಕೆ ಅಳು ಎನ್ನುವುದಿಲ್ಲ.

ನಡೆದದ್ದು ಇಷ್ಟು. ಸಂಕ್ರಾಂತಿಯ ಹೊತ್ತಿಗೆ ಇವರಿಗೆ ಪಾರ್ಶ್ವವಾಯು ಬಡಿದ ಮೇಲೆ ಕೈಕಾಲುಗಳು ತಕ್ಕಮಟ್ಟಿಗೆ ಮರಳಿದವು, ಮಾತು ಮರಳಲಿಲ್ಲ. ಬುದ್ಧಿ ಸ್ವಚ್ಛವಾಗಿದೆ, ಕೇಳಿದ್ದೆಲ್ಲ ತಿಳಿಯುತ್ತದೆ. ಆದರೆ ಹೇಳಹೊರಟದ್ದು ಒಂದಾದರೆ ಬಾಯಿಂದ ಬರುವುದು ಇನ್ನೊಂದು. ಬಹಳ ಸಲ ಯಾವುದೂ ಬರುವುದಿಲ್ಲ. ಇಂದು ಕಹಕಶಾ ಬಟ್ಟಲಿನ ಚಿತ್ರವೊಂದನ್ನು ಎತ್ತಿ ಹಿಡಿದಿದ್ದರು. ಇವರು ತುಟಿ ಕೂಡಿಸಿ "ಬ… ಬ…" ಎಂದು ಇನ್ನೇನು ಹೇಳಬೇಕು, ಪರದೆಯ ಮೇಲೆ ಚಿತ್ರ ಕಲ್ಲಿನಂತೆ ನಿಂತುಬಿಟ್ಟಿತು. ಅದು ಮತ್ತೆ ಚಲಿಸುವ ಹೊತ್ತಿಗೆ ಶಬ್ದ ಹೋಗಿಬಿಟ್ಟಿತ್ತು. ಇವರು ಅದನ್ನು ಬಾಯೊಳಗೆ ಬಹಳ ಹೊತ್ತು ಹುಡುಕಿದರು.

"ಹಿಂಗ ಪದೇ ಪದೇ ಕಟ್ ಆದ್ರ ಪ್ರಯೋಜನ ಇಲ್ರಿ ಟೀಚರ್," ಎಂದರು ಕಹಕಶಾ. "ಈಗ ಬರೋ ಮಾತು ಬಂದಂಗ. ಮುಂದ ದಿನ ಹೋದಷ್ಟೂ ಕಷ್ಟ ಆಗ್ತದ. ನೆಟ್ ಸರಿ ಆಗದಿದ್ರ ಇಲ್ಲಿಗೇ ಕರಕೊಂಡು ಬರ್ರಿ."

ಬಸ್ಸಿನಲ್ಲಿ ಶಹಾಪುರ ದಾಟುವಷ್ಟರಲ್ಲಿ ಇವರಿಗೆ ತಲೆ ತಿರುಗಿ ವಾಂತಿಯಾಗುತ್ತದೆ. ಕಲಬುರಗಿ ದೂರದ ಮಾತು. ಆದ್ದರಿಂದ ಈ ಮನೆಯ ನಿಸ್ತಂತು ಜಾಲವನ್ನು ನಾನೇ ಸರಿಪಡಿಸಬೇಕಾಗಿದೆ.

ಪರದೆಯಿಂದ ಹೊರಡುವ ಮುನ್ನ ಕಹಕಶಾ ಇನ್ನೊಂದು ಮಾತು ಹೇಳಿದರು: ಇವರು ತಪ್ಪು ಶಬ್ದ ಹೇಳಿದರೆ ತಿದ್ದಬಾರದಂತೆ, ಮಾತು ಹರಿಯಲು ಬಿಡಬೇಕಂತೆ. ಇದನ್ನು ನಾನು ಒಪ್ಪುವುದಿಲ್ಲ. ತಿದ್ದದೆ ಕಲಿತವರನ್ನು ಶಾಲೆಯ ನನ್ನ ಇಡೀ ಸೇವೆಯಲ್ಲಿ ನಾನು ಕಂಡಿಲ್ಲ.

೧೨ ಜೂನ್, ಗುರುವಾರ

ಅಂತರ್ಜಾಲ ಕಚೇರಿಯ ಗಯಾಸ ಬಂದಿದ್ದ. ಹಣೆಯ ಮೇಲೆ ತಂಪು ಕನ್ನಡಕ, ಕೈಯಲ್ಲಿ ಎರಡು ಫೋನು, ಎರಡರಲ್ಲೂ ಏಕಕಾಲಕ್ಕೆ ಮಾತು. ನನ್ನ ಮಾತನ್ನು ಮೂರನೆಯದಾಗಿ ಕೇಳಿಸಿಕೊಂಡ.

"ಆಫ್ ಮಾಡಿ ಆನ್ ಮಾಡೀರೇನ್ರಿ ಅಕ್ಕಾರ?"

"ಆರಿಸಿ ಹೊತ್ತಿಸಿದ್ದೇನೆ," ಎಂದೆ.

"ಇನ್ನೊಮ್ಮಿ ಮಾಡ್ರಿ."

ಜಾಲವನ್ನು ಹರಡುವ ಪೆಟ್ಟಿಗೆ ಅಡುಗೆಮನೆಯಲ್ಲಿದೆ. ಮೊದಲು ಪಡಸಾಲೆಯಲ್ಲಿತ್ತು, ಇಲಿ ಅದರ ತಂತಿಯನ್ನು ಕಡಿದ ಮೇಲೆ ನಾನೇ ತಂತಿಯನ್ನು ಕಿಟಕಿಯಿಂದ ಒಳಗೆಳೆದು, ಹಾಲು ಮೊಸರು ಇಡುವ ಜಾಳಿಗೆ ಕಪಾಟಿನಲ್ಲಿ ಭದ್ರವಾಗಿ ಇಟ್ಟೆ. ಸುತ್ತಲೂ ಕಬ್ಬಿಣದ ಸಣ್ಣ ಬಲೆ, ಚಿಲಕವಿದೆ. ಇಲಿಯಲ್ಲ, ಇರುವೆಯೂ ಕಷ್ಟಪಡಬೇಕು. ಅಡುಗೆಮನೆಗೆ ಹೊರಗಿನವರನ್ನು ಬಿಡುವ ರೂಢಿ ಈ ಮನೆಯಲ್ಲಿ ನನ್ನ ಅತ್ತೆಯವರ ಕಾಲದಿಂದಲೂ ಇಲ್ಲ. ಗಯಾಸ ಪಡಸಾಲೆಯಲ್ಲಿಯೇ ನಿಂತ. ನಾನು ಒಳಗೆ ಹೋಗಿ ಆರಿಸಿ, ಹೊತ್ತಿಸಿ, ಚಿಲಕ ಹಾಕಿ ಬಂದೆ. ಏನೂ ಬದಲಾಗಲಿಲ್ಲ.

ಇವರು ಕುರ್ಚಿಯಿಂದಲೇ ಅಡುಗೆಮನೆಯ ಕಡೆ ಬೆರಳು ಮಾಡಿ "ತೂಬು… ತೂಬು…" ಎಂದರು. ಕಾಲುವೆ ಇಲಾಖೆಯಲ್ಲಿ ಆಯುಷ್ಯ ಕಳೆದವರಿಗೆ ಎಲ್ಲವೂ ತೂಬಾಗಿಯೇ ಕಾಣುತ್ತದೆ.

"ತೂಬಲ್ಲ, ರೂಟರ್. ಹೇಳಿ, ರೂ-ಟರ್."

ಬಾಯಿ ಮುಚ್ಚಿಕೊಂಡರು. ಚಹಾ ಬೇಕಾದಾಗ ಹೀಗೆಯೇ "ಮುಂಗಾರು" ಎನ್ನುತ್ತಾರೆ. "ಚಹಾ" ಎನ್ನುವವರೆಗೆ ನಾನು ಬಟ್ಟಲನ್ನು ಕೈಗೆ ಕೊಡುವುದಿಲ್ಲ. ಕೆಲವು ದಿನ ಚಹಾ ಆರಿಹೋಗುತ್ತದೆ.

ಗಯಾಸ ಗಣಕಯಂತ್ರದ ಮುಂದೆ ಕುಳಿತು, ಅಂತರ್ಜಾಲದ ವಿಳಾಸ ಬರೆಯುವ ಜಾಗದಲ್ಲಿ ಕೆಲವು ಅಂಕಿಗಳನ್ನು ಒತ್ತಿ ಒಂದು ಪುಟ ತೆರೆದ. ಆ ಪುಟಕ್ಕೂ ಒಂದು ಬೀಗ. ಬಳಕೆದಾರನ ಹೆಸರು ‘ಅಡ್ಮಿನ್’, ಗುಪ್ತಪದವೂ ‘ಅಡ್ಮಿನ್’. ಬೀಗವನ್ನು ಮಾಡಿ ಅದನ್ನೇ ಕೀಲಿಯೆಂದು ಕರೆದಂತಾಯಿತು. ಒಳಗೆ ಒಂದು ಪಟ್ಟಿ. ನಮ್ಮ ಜಾಲಕ್ಕೆ ಈ ಕ್ಷಣ ಜೋಡಿಕೊಂಡಿರುವ ಯಂತ್ರಗಳದು. ಒಂದರ ಕೆಳಗೊಂದು, ಇಂಗ್ಲಿಷ್ ಅಕ್ಷರ ಅಂಕಿಗಳ ಗೊಂಚಲು. ಒಂದೂ ಮನುಷ್ಯರ ಹೆಸರಿನಂತಿರಲಿಲ್ಲ.

"ಇವರೆಲ್ಲ ಯಾರು?" ಎಂದು ಕೇಳಿದೆ.

"ನಿಮ್ಮ ಓಣಿ ಮಂದಿ ರೀ! ಅರ್ಧ ಓಣಿ ನಿಮ್ಮ ವೈಫೈ ಮ್ಯಾಲೇ ಬದಕಾಕತ್ತೈತಿ. ಹಿಂಗಾದ್ರ ಡಾಕ್ಟರಬಾಯಿಗಿ ಜಾಗಾ ಎಲ್ಲಿ ಉಳೀತದ್ರಿ? ಪಾಸ್‌ವರ್ಡ್ ಬದಲಿ ಮಾಡ್ರಿ, ಕಥಿ ಖತಮ್."

ಹೇಗೆ ಬದಲಿಸುವುದೆಂದು ಕೇಳುವಷ್ಟರಲ್ಲಿ ಎರಡೂ ಫೋನು ಬಡಿದುಕೊಂಡವು, ಅವನು ಹೋದ. ಮನೆಯಲ್ಲಿರುವುದು ಒಂದು ಗಣಕಯಂತ್ರ, ನನ್ನದೊಂದು ಫೋನು. ಇವರ ಫೋನನ್ನು ಇವರಿಗೆ ಅಂಕಿ ಓದಲು ಬರದಾದಾಗಲೇ, ಹಣ ತುಂಬುವುದನ್ನು ನಿಲ್ಲಿಸಿ, ಬಟ್ಟೆಯ ಕಪಾಟಿಗೆ ಸೇರಿಸಿದ್ದೇನೆ. ಹಾಗಾದರೆ ಉಳಿದವರು ಯಾರು? ನನ್ನ ಮನೆಯೊಳಗೆ ಇಷ್ಟು ಜನ ನನಗೆ ಕಾಣದಂತೆ ಕುಳಿತಿದ್ದಾರೆಂದರೆ ನಂಬುವುದು ಹೇಗೆ?

ಕಾರಹುಣ್ಣಿಮೆಯ ಹೋಳಿಗೆ ಇನ್ನೂ ಉಳಿದಿವೆ. ಗಯಾಸನಿಗೆ ಕೊಡಲು ಮರೆತೆ.

೧೩ ಜೂನ್, ಶುಕ್ರವಾರ

ಪಾಠ ಮತ್ತೆ ಮುರಿಯಿತು. ಕಹಕಶಾ ಅವರ ಬಾಯಿ ಒಂದು ಹೇಳಿದರೆ ಧ್ವನಿ ಇನ್ನೊಂದು ಹೇಳುತ್ತಿತ್ತು, ಇವರದ್ದೂ ಹಾಗೆಯೇ. ಇಬ್ಬರಲ್ಲಿ ಕಾಯಿಲೆ ಯಾರದೆಂದು ಒಂದು ಕ್ಷಣ ನನಗೇ ತಿಳಿಯದಾಯಿತು.

ಮಧ್ಯಾಹ್ನ ಎಂದಿನಂತೆ ಮೌನೇಶ್ವರಿಯನ್ನು ಇವರ ಬಳಿ ಕೂರಿಸಿ ಗ್ರಂಥಾಲಯಕ್ಕೆ ಹೋದೆ. ಮರಳಿದಾಗ ಇವರ ಮುಖ ಅರಳಿತ್ತು. ಈಚೆಗೆ ದಿನವೂ ಹೀಗೆಯೇ. ಮಧ್ಯಾಹ್ನದ ನಿದ್ದೆಯ ಫಲವಿರಬೇಕು.

೧೫ ಜೂನ್, ಭಾನುವಾರ

ಓಣಿಯವರ ಉಪಸ್ಥಿತಿ ತೆಗೆದುಕೊಂಡೆ. (‘ಹಾಜರಿ’ ಎನ್ನುವುದು ರೂಢಿ, ನನ್ನ ತರಗತಿಯಲ್ಲಿ ಆ ಪದಕ್ಕೆ ಎಂದೂ ಎಡೆಯಿರಲಿಲ್ಲ.)

ಉಪಾಯ ನನ್ನದೇ. ಪಟ್ಟಿಯ ಪುಟವನ್ನು ತೆರೆದಿಟ್ಟು, ಎಲ್ಲರನ್ನೂ ಫೋನುಗಳೊಡನೆ ಪಡಸಾಲೆಗೆ ಕರೆಸಿದೆ. ಒಬ್ಬೊಬ್ಬರೇ ತಮ್ಮ ಫೋನನ್ನು ಆರಿಸಬೇಕು. ಆಗ ಪಟ್ಟಿಯಿಂದ ಯಾವ ಗೊಂಚಲು ಅಳಿಯುತ್ತದೋ ಅದು ಅವರದು. ಪಕ್ಕದ ಮನೆಯಲ್ಲಿ ಬಟ್ಟೆ ಹೊಲಿಯುವ ಫರ್ಹೀನ್ ಮೊದಲು ಬಂದಳು.

"ನನ್ನ ಗುಪ್ತಪದ ನಿನಗೆ ಯಾರು ಕೊಟ್ಟರು?"

"ಅಯ್ಯ ನಾಗರತ್ನಕ್ಕಾರ, ಅದನ್ನ ಕೊಡೋದ್ಯಾಕ್ರಿ? ನಿಮ್ಮ ಫೋನ್ ನಂಬರೇ ಪಾಸ್‌ವರ್ಡ್. ಗಯಾಸ ಎಲ್ಲರ ಮನಿಗೂ ಹಂಗೇ ಇಟ್ಟಾನ. ನಿಮ್ಮ ನಂಬರ ಈ ಓಣ್ಯಾಗ ಯಾರಿಗಿ ಗೊತ್ತಿಲ್ರಿ? ನಮ್ಮನ್ನೆಲ್ಲ ಸಾಲಿಗಿ ಕಳಿಸ್ರಿ ಅಂತ ನೀವೇ ಗ್ವಾಡಿ ಗ್ವಾಡಿಗಿ ಬರಸಿದ್ರಲ್ಲ!"

"ಕೇಳದೆ ತೆಗೆದುಕೊಳ್ಳುವುದಕ್ಕೆ ಏನೆನ್ನುತ್ತಾರೆ?"

"ಕಳವು ಅಂತಾರ್ರಿ," ಎಂದಳು ಹಳೆಯ ವಿದ್ಯಾರ್ಥಿನಿ, ಕೈಕಟ್ಟಿ ನಿಂತು. ಆಮೇಲೆ ತಲೆ ಎತ್ತಿ, "ಆದ್ರ ನೀವು ಉಟ್ಟಿರೋ ಕುಪ್ಪಸದ ತೋಳು ಅದರಾಗ ವಿಡಿಯೋ ನೋಡೇ ಹೊಲದೀನ್ರಿ," ಎಂದಳು.

ಎಲ್ಲರೂ ನಕ್ಕರು. ನಾನು ತೋಳನ್ನು ನೋಡಿಕೊಂಡೆ. ಚೆನ್ನಾಗಿಯೇ ಇದೆ.

ಒಬ್ಬೊಬ್ಬರಾಗಿ ಎಲ್ಲರ ಗೊಂಚಲೂ ಅಳಿದವು. ನನ್ನ ಫೋನನ್ನೂ ಆರಿಸಿದೆ. ಆದರೂ ಪಟ್ಟಿಯಲ್ಲಿ ಗಣಕಯಂತ್ರದ ಗೊಂಚಲಿನ ಕೆಳಗೆ ಇನ್ನೊಂದು ಉಳಿಯಿತು. ಯಾರದೆಂದು ಕೇಳಿದರೆ ಯಾರದೂ ಅಲ್ಲ. ಎರಡು ಸಲ ಗಟ್ಟಿಯಾಗಿ ಕೇಳಿದೆ. ಮೌನೇಶ್ವರಿ ಆಗಲೇ ಒಲೆಯ ಮೇಲಿನ ಹಾಲು ನೆನಪಾಗಿ ಎದ್ದು ಹೋದಳು. ಅವಳ ಮನೆಯಲ್ಲಿ ಈ ಹೊತ್ತಿಗೆ ಹಾಲು ಕಾಯಿಸುವುದನ್ನು ನಾನು ಎಂದೂ ಕಂಡಿಲ್ಲ. ಇವರು ಕುರ್ಚಿಯಲ್ಲಿ ಎಡಗೈ ಎತ್ತಿದರು. ನೀರು ಬೇಕೇನೋ ಎಂದು ತಂದುಕೊಟ್ಟೆ. ಕುಡಿಯಲಿಲ್ಲ.

ಹೆಸರಿಲ್ಲದ, ಮುಖವಿಲ್ಲದ ಒಬ್ಬ ಅಪರಿಚಿತ ನನ್ನ ಮನೆಯಲ್ಲಿದ್ದಾನೆ.

೧೬ ಜೂನ್, ಸೋಮವಾರ

ಬೆಳಗಿನಿಂದ ಗಣಕಯಂತ್ರದ ಮುಂದೆ. ‘ಅಡ್ಮಿನ್’ ಎಂಬ ಹಾಸ್ಯಾಸ್ಪದ ಕೀಲಿಯನ್ನು ಮೊದಲು ಬದಲಿಸಿದೆ. ಆಮೇಲೆ ಜಾಲದ ಗುಪ್ತಪದ. ನನ್ನ ದೂರವಾಣಿ ಸಂಖ್ಯೆ ಹೋಗಿ, ದೀರ್ಘವೂ ಕಠಿಣವೂ ಆದ ಹೊಸ ಪದ ಬಂತು. ಅದರಲ್ಲಿ ಅಂಕಿಯಿದೆ, ಚಿಹ್ನೆಯಿದೆ. ಕಾಗದದಲ್ಲಿ ಬರೆದಿಟ್ಟಿಲ್ಲ, ಇಲ್ಲಿಯೂ ಬರೆಯುವುದಿಲ್ಲ. ‘ಉಳಿಸು’ ಎಂಬ ಗುಂಡಿ ಒತ್ತಿದಾಗ ಗಣಕಯಂತ್ರವೇ ಜಾಲದಿಂದ ಹೊರಬಿತ್ತು! ಮನೆಯ ಯಜಮಾನಿಯೇ ಹೊರಗೆ ನಿಂತಂತೆ. ಗಾಬರಿಯಾಯಿತು. ಹೊಸ ಪದವನ್ನು ಅದಕ್ಕೂ ಹೇಳಿಕೊಡಬೇಕೆಂದು ತಿಳಿಯಲು ಊಟದ ಹೊತ್ತಾಯಿತು.

ಈಗ ಪಟ್ಟಿಯಲ್ಲಿ ಎರಡೇ ಇವೆ. ಅಪರಿಚಿತ ಹೋಗಿದ್ದಾನೆ.

ಸಂಜೆ ಮೌನೇಶ್ವರಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತು, "ವೈನಿ, ಹೊಸದು ನನಗರ ಹೇಳ್ರಿ," ಎಂದಳು.

"ನಿನ್ನ ಫೋನಿಗೆ ಜಾಲವೇ ಹತ್ತುವುದಿಲ್ಲ. ನಿನಗೇಕೆ?"

"ಸುಮ್ಮ ಕೇಳಿದೆ."

"ಸುಮ್ಮನೆ ಕೇಳಿದವರಿಗೆ ಸುಮ್ಮನೆ ಹೇಳುವುದಿಲ್ಲ."

ಅಣ್ಣನ ಮುಖವನ್ನೊಮ್ಮೆ ನೋಡಿ ಹೋದಳು. ಊರಿಗೆಲ್ಲ ಸುದ್ದಿ ಹಂಚುವವಳು ಇಂದು ತನ್ನ ಹೆಸರಿಗೆ ತಕ್ಕಂತೆ ಮೌನವಾಗಿದ್ದಳು.

೧೭ ಜೂನ್, ಮಂಗಳವಾರ

ಓಣಿಯವರು ಯಾರೂ ಜಾಲದಲ್ಲಿಲ್ಲ. ಅಪರಿಚಿತನಿಲ್ಲ. ಆದರೂ ಪಾಠ ನಡುವೆ ಕಡಿಯಿತು. ಇದು ಹೇಗೆ? ಕಳ್ಳರೆಲ್ಲ ಹೋದ ಮೇಲೂ ಕಳವು ನಡೆಯುವುದೆಂದರೆ ಏನರ್ಥ?

ಫರ್ಹೀನ್ ದಾರಿಯಲ್ಲಿ ಸಿಕ್ಕಳು. ನಮಸ್ಕಾರ ಮಾಡಿದಳು, ನಿಲ್ಲಲಿಲ್ಲ.

೨೦ ಜೂನ್, ಶುಕ್ರವಾರ

ಇಂದು ಚಿತ್ರ ಕೊಂಚ ಹೊತ್ತು ಸರಿಯಾಗಿ ಬಂತು. ಇವರೇ ಬಾಯಿ ತೆರೆಯಲಿಲ್ಲ. ಕಹಕಶಾ ಬಟ್ಟಲು ತೋರಿಸಿದರು, ಎತ್ತು ತೋರಿಸಿದರು, ಚಂದ್ರನನ್ನು ತೋರಿಸಿದರು. ಇವರು ಪರದೆಯನ್ನಲ್ಲ, ಕಿಟಕಿಯನ್ನು ನೋಡುತ್ತ ಕುಳಿತರು.

"ಏನಾತು ಟೀಚರ್? ಹ್ವಾದ ವಾರ ಹಾದಿಗಿ ಬಂದಿದ್ರಲ್ಲ. ದಿನಾ ಯಾರ ಜೋಡೀನೋ ಮಾತಾಡ್ತಾರ ಅಂತ ನನಗ ಅನಿಸಿತ್ತು. ಯಾರರ ಗೆಳೆಯಾರು ಬರ್ತಿದ್ರೇನು?"

ಯಾರೂ ಬರುವುದಿಲ್ಲ, ನಾನಿದ್ದೇನಲ್ಲ ಎಂದೆ.

ಕಹಕಶಾ ಏನೋ ಬರೆದುಕೊಂಡರು. ನಮ್ಮಂತೆ ಕಾಯುತ್ತಿರುವವರು ಇನ್ನೂ ಅನೇಕರಿದ್ದಾರೆ, ಮುಂದಿನ ಶುಕ್ರವಾರದವರೆಗೆ ನೋಡೋಣ ಎಂದರು. ನೋಡೋಣ ಎಂಬುದರ ಅರ್ಥ ನನಗೆ ತಿಳಿಯುತ್ತದೆ. ಅನುತ್ತೀರ್ಣರಾಗುವ ಮಕ್ಕಳ ತಂದೆತಾಯಿಗೆ ನಾನೂ ಅದನ್ನೇ ಹೇಳುತ್ತಿದ್ದೆ.

ಸಂಜೆ ಚಹಾ ಮಾಡಿ, ಬಟ್ಟಲು ಹಿಡಿದು ಕಾದೆ. ಇವರು ‘ಮುಂಗಾರು’ ಎಂದಿದ್ದರೂ ಇಂದು ಕೊಟ್ಟುಬಿಡುತ್ತಿದ್ದೆನೇನೋ. ಅನ್ನಲಿಲ್ಲ.

೨೨ ಜೂನ್, ಭಾನುವಾರ

ಇಂದು ಇವರು ಏನನ್ನೂ ಹೇಳಲಿಲ್ಲ. ತಪ್ಪನ್ನೂ ಹೇಳಲಿಲ್ಲ.

೨೩ ಜೂನ್, ಸೋಮವಾರ

ಒಂದು ವಿಚಿತ್ರವನ್ನು ದಾಖಲಿಸಬೇಕು.

ನಾನು ಪಡಸಾಲೆಯಲ್ಲಿ ಗಣಕಯಂತ್ರದ ಮುಂದೆ ಕುಳಿತು ಪರದೆಯ ಮೂಲೆಯಲ್ಲಿರುವ ಜಾಲದ ಗುರುತನ್ನು, ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ಆ ಕಮಾನುಗಳನ್ನು, ನೋಡುತ್ತಿದ್ದೆ. ಒಂದೇ ಕಮಾನು. ಇದ್ದಕ್ಕಿದ್ದಂತೆ ಎಲ್ಲವೂ ತುಂಬಿಕೊಂಡವು. ನಾನು ಏನನ್ನೂ ಮುಟ್ಟಿರಲಿಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ಒಂದೇ. ಅಡುಗೆಮನೆಯಲ್ಲಿ ಮೌನೇಶ್ವರಿ ಚಹಾ ಮಾಡುತ್ತಿದ್ದಳು.

"ಮೌನೇಶ್ವರೀ, ಈಗ ಏನು ಮಾಡಿದೆ?"

"ಚಾಕ್ಕ ಹಾಲು ತಗೊಂಡೆ ವೈನಿ. ಕೆನಿ ತಿಂದಿಲ್ಲ, ನಿಮ್ಮಾಣಿ!"

"ಮತ್ತೆ ತೆಗೆ."

"ಹಾಲು ಸಾಕಲ್ರಿ…"

"ಕಪಾಟಿನ ಬಾಗಿಲು ತೆಗೆ!"

ತೆಗೆದಳು, ಕಮಾನುಗಳು ತುಂಬಿದವು. ಮುಚ್ಚಿದಳು, ಬಿದ್ದವು. ಬಾಗಿಲು ತೆಗೆ, ಹಾಕು ಎಂದು ನಾನು ಕೂಗುವುದು, ಅವಳು ತೆಗೆಯುವುದು, ಹಾಕುವುದು. ಕಡೆಗೆ ಅವಳು, "ವೈನಿ, ಅಣ್ಣನ್ನ ನೋಡೋರು ನಾವಿಬ್ರೇ ಉಳದೀವಿ, ನಿಮಗೂ ಏನರ ಆದ್ರ ನಾ ಒಬ್ಬಾಕಿ ಏನ ಮಾಡ್ಲಿ?" ಎಂದಳು.

ಕಬ್ಬಿಣದ ಬಲೆ. ಇಲಿಯನ್ನು ತಡೆಯುವ ಬಲೆಯೇ ನಿಸ್ತಂತು ಅಲೆಯನ್ನೂ ತಡೆಯುತ್ತಿತ್ತು. ಅದರಾಚೆ ಅಡುಗೆಮನೆಯ ದಪ್ಪ ಕಲ್ಲಿನ ಗೋಡೆ. ಗಯಾಸ ಒಳಗೆ ಬಂದು ಒಮ್ಮೆ ನೋಡಿದ್ದರೆ ಅವನಿಗೆ ಕ್ಷಣದಲ್ಲಿ ತಿಳಿಯುತ್ತಿತ್ತು. ಅವನನ್ನು ಒಳಗೆ ಕರೆದಿರಲಿಲ್ಲ.

ಪೆಟ್ಟಿಗೆಯನ್ನು ಪಡಸಾಲೆಯ ಗೋಡೆಗೂಡಿಗೆ ತಂದಿಟ್ಟೆ. ಜಾಲ ಈಗ ಬಂಡೆಯಂತಿದೆ. ಹಾಗಾದರೆ ಓಣಿಯವರಿಂದ ಇಲ್ಲಿಯವರೆಗೆ ಆದ ತೊಂದರೆಯಾದರೂ ಏನು? ಆ ಅಪರಿಚಿತನನ್ನು ಓಡಿಸಿ ನಾನು ಗಳಿಸಿದ್ದೇನು? ಯೋಚಿಸಿದಷ್ಟೂ ಗೋಜಲಾಗುತ್ತಿದೆ.

೨೪ ಜೂನ್, ಮಂಗಳವಾರ

ಚಿತ್ರ ನಿಲ್ಲಲಿಲ್ಲ, ಧ್ವನಿ ಕಡಿಯಲಿಲ್ಲ. ಕಹಕಶಾ ಎದುರಿಗೇ ಕುಳಿತಂತಿದ್ದರು. ಪಾಠದುದ್ದಕ್ಕೂ ಇವರು ಒಂದು ಮಾತೂ ಆಡಲಿಲ್ಲ. ನಾನು ಸರಿಪಡಿಸಿದ್ದು ಯಾವುದನ್ನು?

೨೬ ಜೂನ್, ಗುರುವಾರ

ಗ್ರಂಥಾಲಯಕ್ಕೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದೆ. ಬಾಗಿಲಲ್ಲಿ ಒಬ್ಬ ವೃದ್ಧರು. ಬಿಳಿ ಗಡ್ಡ, ಕೈಯಲ್ಲಿ ಕೋಲು, ಬಗಲಲ್ಲಿ ಬುತ್ತಿಯ ಗಂಟು, ಮೈತುಂಬ ಬಸ್ಸಿನ ಧೂಳು. ಗುರುತು ಹತ್ತಲು ಒಂದು ಗಳಿಗೆ ಬೇಕಾಯಿತು. ದೋರನಹಳ್ಳಿಯ ಮಸ್ತಾನಸಾಬ. ಇವರೊಡನೆ ಕಾಲುವೆಯ ಮೇಲೆ ಕೆಲಸ ಮಾಡಿದವರು. ಮೊಣಕಾಲಿನ ನೋವಿನಿಂದ ಊರು ಬಿಟ್ಟು ಹೊರಬರುವುದನ್ನೇ ಅವರು ನಿಲ್ಲಿಸಿದ್ದಾರೆಂದು ಕೇಳಿದ್ದೆ.

"ಭಾಬಿ…" ಎಂದವರೇ ಉಸಿರು ಹಿಡಿದರು. "ಕಾಂತ್ಯಾ… ಅದಾನಲ್ರಿ?"

"ಇದ್ದಾರೆ," ಎಂದೆ.

ಆ ಮನುಷ್ಯ ಹೊಸ್ತಿಲ ಮೇಲೆಯೇ ಕುಳಿತುಬಿಟ್ಟರು.

"ದಿನಾ ಮಧ್ಯಾಹ್ನ ಫೋನಿನಾಗ ಮಾರಿ ನೋಡತಿದ್ವಿ. ಒಮ್ಮಿಂದೊಮ್ಮಿಗೇ ಬಂದ್. ನಾ ಮಾಡಿದ್ರ ಹೋಗವಲ್ದು. ನಿಮಗ ಕೇಳೋಣಂದ್ರ ನಿಮ್ಮ ನಂಬರ ಇಲ್ಲ. ಕೆಟ್ಟ ಸುದ್ದಿ ಕೇಳಾಕ ಯಾಕ ಹೋಗ್ಲಿ ಅಂತ ಕುಂತಿದ್ದೆ. ಚಮನಬೀ ಬೈದ್ಳು. ‘ಹೋಗಿ ನೋಡಿ ಬರ್ರಿ, ಇಲ್ಲಿ ಕುಂತು ನನ್ನ ಜೀವಾ ಯಾಕ ತಿಂತೀರಿ’ ಅಂತ ಬುತ್ತಿ ಕಟ್ಟಿ ಬಸ್ಸಿಗಿ ಹತ್ತಿಸ್ಯಾಳ."

"ಯಾವ ಫೋನು?" ಎಂದೆ. "ಇವರ ಬಳಿ ಫೋನಿಲ್ಲ. ಇವರಿಗೆ ಮಾತೇ ಇಲ್ಲ."

"ಮಾತಿಲ್ಲ? ಅರೆ, ದಿನಾ ನನಗ ಬೈತಾನಲ್ರಿ!"

ನಾನು ತಿರುಗಿ ನೋಡಿದೆ. ಮೌನೇಶ್ವರಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಿಂತಿದ್ದಳು.

ಮಸ್ತಾನಸಾಬ ಗೋಡೆ ಹಿಡಿದು ಎದ್ದರು, ಪಡಸಾಲೆಯ ನಡುವೆ ಬಂದು ನಿಂತರು. ಕುರ್ಚಿಯಲ್ಲಿದ್ದ ಇವರು ಅವರನ್ನು ಬಿಟ್ಟ ಕಣ್ಣಿನಿಂದ ನೋಡುತ್ತಿದ್ದರು. ಕೋಲಿನ ತುದಿಯನ್ನು ಬಾಯಿಯ ಹತ್ತಿರ ಹಿಡಿದುಕೊಂಡು, ಮೂಗಿನಿಂದ ಬರುವ ಒಂದು ವಿಚಿತ್ರವಾದ, ಚಪ್ಪಟೆ ಧ್ವನಿಯಲ್ಲಿ ಅವರು ಕೂಗಿದರು:

"ವನದುರ್ಗ! ವನದುರ್ಗ! ದೋರನಹಳ್ಳಿ ಮಾತಾಡಾಕತ್ತೈತಿ. ಹಾಜರಿ ಹೇಳು. ಓವರ್."

ಇವರ ತುಟಿಗಳು ಕೂಡಿದವು, ಬಿಟ್ಟವು.

"ಹಾಜರ್," ಎಂದರು.

"ನೀರು?"

"ಮೂರು… ಮೂರೂವರಿ. ಓವರ್."

"ತೂಬು?"

"ಒಂದು… ತೆರದೈತಿ. ಒಂದು…" ಎಂದು ನಿಂತರು. ನನ್ನ ನಾಲಿಗೆಯ ತುದಿಗೆ ಏನೋ ಬಂದಿತ್ತು. ಮಸ್ತಾನಸಾಬ ನನ್ನತ್ತ ನೋಡದೆಯೇ ಅಂಗೈ ಅಡ್ಡ ಹಿಡಿದರು. ಕಾದೆವು. ಎಷ್ಟು ಹೊತ್ತೋ. "ಒಂದು… ಕುಂಟೈತಿ. ನಿನ್ನಂಗ. ಓವರ್."

ಮಸ್ತಾನಸಾಬ ಹೋ ಎಂದು ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು. "ನೋಡ್ರಿ ಭಾಬಿ! ಮಾತಿಲ್ಲಂತೀರಿ!"

ಆಮೇಲೆ ಎಲ್ಲವನ್ನೂ ಬಿಡಿಸಿ ಹೇಳಿದರು. ಕಾಲುವೆಯ ಮೇಲಿದ್ದಾಗ ಇವರದು ವನದುರ್ಗದ ಠಾಣೆ, ಅವರದು ದೋರನಹಳ್ಳಿ. ದಿನ ಬೆಳಗಾದರೆ ನಿಸ್ತಂತು ಯಂತ್ರದಲ್ಲಿ ಮೊದಲು ಹಾಜರಿ, ಆಮೇಲೆ ನೀರಿನ ಮಟ್ಟ, ಆಮೇಲೆ ತೂಬುಗಳ ಸ್ಥಿತಿ. ವರ್ಷಗಟ್ಟಲೆ ಅದೇ ಮಾತು, ಅದೇ ಕ್ರಮ. ಬೇಸಿಗೆಯ ಮೊದಲಲ್ಲಿ ಇವರು ಬಟ್ಟೆಯ ಕಪಾಟಿನಿಂದ ತಮ್ಮ ಹಳೆಯ ಫೋನನ್ನು ತೆಗೆದು, ಮಸ್ತಾನಸಾಬರ ಭಾವಚಿತ್ರವನ್ನು ಗುರುತಿಸಿ ಅದರ ಮೇಲೆ ಬೆರಳಿಟ್ಟರಂತೆ. ಆ ಕಡೆಯಿಂದ ಅವರು ಏನು ಮಾತಾಡಬೇಕೆಂದು ತಿಳಿಯದೆ ಹಳೆಯ ಹಾಜರಿಯನ್ನು ಕೂಗಿದರಂತೆ. ಇವರು ಉತ್ತರ ಕೊಟ್ಟರಂತೆ. ಅಂದಿನಿಂದ ದಿನವೂ, ನಾನು ಗ್ರಂಥಾಲಯದಲ್ಲಿರುವಾಗ.

ಇವರು ಕುರ್ಚಿಯ ಪಕ್ಕದ ಹಾಸಿಗೆಯ ಕೆಳಗೆ ಎಡಗೈ ಹಾಕಿ ಫೋನನ್ನು ತೆಗೆದು ನನ್ನ ಮುಂದೆ ಹಿಡಿದರು. ಓಣಿಯ ಉಪಸ್ಥಿತಿಯ ದಿನ ಎತ್ತಿದ್ದು ಇದೇ ಎಡಗೈ.

"ನನಗೆ ಏಕೆ ಹೇಳಲಿಲ್ಲ?" ಎಂದು ಮೌನೇಶ್ವರಿಯನ್ನು ಕೇಳಿದೆ.

"ಅಣ್ಣ ತಲಿ ಮುಟ್ಟಿಸಿ ಆಣಿ ಮಾಡಿಸಿಕೊಂಡಿದ್ದ. ಫೋನೇ ಕೆಟ್ಟೈತಿ ಅಂತ ಮೊದಲ ಅನಕೊಂಡಿದ್ದೆ. ಪಾಸ್‌ವರ್ಡಂತ ಆಮ್ಯಾಲೆ ತಿಳೀತು, ನಿಮಗ ಕೇಳಿದ್ರ ನೀವು ಕೊಡಲಿಲ್ಲ." ಒಂದು ಕ್ಷಣ ತಡೆದು, "ಹೇಳಿದ್ರ ನೀವು ಅದಕ್ಕೂ ಕೆಂಪ ಶಾಯಿ ಹಚ್ಚತಿದ್ರಿ, ವೈನಿ," ಎಂದಳು.

ಅವಳ ವಾಕ್ಯದಲ್ಲಿ ತಪ್ಪೇನೂ ಸಿಗಲಿಲ್ಲ.

ಫೋನಿಗೆ ಹೊಸ ಗುಪ್ತಪದವನ್ನು ನಾನೇ ಒತ್ತಿದೆ. ಅಷ್ಟು ಕಠಿಣವಾದ ಪದವನ್ನು ಏಕೆ ಆರಿಸಿದೆನೋ ತಿಳಿಯದು. ಎರಡು ಸಲ ಬೆರಳು ತಪ್ಪಿತು, ಕನ್ನಡಕ ಒರೆಸಿಕೊಳ್ಳಬೇಕಾಯಿತು. ಗಣಕಯಂತ್ರದ ಪಟ್ಟಿಯಲ್ಲಿ ಆ ಹಳೆಯ ಗೊಂಚಲು ಮತ್ತೆ ಮೂಡಿತು. ಅಪರಿಚಿತ.

ಮಸ್ತಾನಸಾಬರಿಗೆ ಬಾಯಾರಿತ್ತು. ಅಡುಗೆಮನೆಯ ಕೊಡದಿಂದ ತಾವೇ ಬಗ್ಗಿಸಿಕೊಂಡು ಕುಡಿದರು. ತಣ್ಣಗಿದೆ ಎಂದರು. ನಾನು ಮಳೆ ಬರುವಂತಿದೆ ಎಂದೆ. ಅವರನ್ನು ಸಂಜೆಯ ಬಸ್ಸಿಗೆ ಫರ್ಹೀನಳ ಗಂಡ ಬಿಟ್ಟುಬಂದ.

೨೭ ಜೂನ್, ಶುಕ್ರವಾರ

ಬೆಳಗ್ಗೆ ಗಯಾಸನನ್ನು ಕರೆಸಿದೆ. ತೂಬನ್ನು ಇಲಿಯ ಕೈಗೆ ಸಿಗದಂತೆ ಗೂಡಿನ ಮೇಲ್ಭಾಗಕ್ಕೆ ಮೊಳೆ ಹೊಡೆದು ಕೂರಿಸಿದ. ಅಡುಗೆಮನೆಯಿಂದ ಬರುವ ತಂತಿ ಅವನಿಗೆ ಹಿಡಿಸಲಿಲ್ಲ. ಒಳಗೆ ಹೋಗಿ, ಮಣೆಯ ಮೇಲೆ ಹತ್ತಿ, ಅದನ್ನು ಬೇರೆ ದಾರಿಯಿಂದ ತಂದ. ಹಾಲಿನ ಕಪಾಟನ್ನು ನೋಡಿ, "ಇದರಾಗ ಇಟ್ಟಿದ್ರಾ? ಅಕ್ಕಾರ, ಇದು ವೈಫೈಗಿ ಜೇಲ್ ರೀ!" ಎಂದ. ಹೌದಪ್ಪ ಎಂದೆ.

ಓಣಿಗೆಂದು ಅದೇ ತೂಬಿನಿಂದ ಬೇರೆ ಒಂದು ಜಾಲ ತೆಗೆದಿದ್ದೇವೆ. ಅದಕ್ಕೆ ಅದರದೇ ಗುಪ್ತಪದ. ನನ್ನ ಫೋನ್ ನಂಬರ್ ಅಲ್ಲ. ಅವರು ಅದರಲ್ಲಿ ಏನು ಮಾಡಿದರೂ ನಮ್ಮ ಗಣಕಯಂತ್ರಕ್ಕೆ ದಾರಿಯಿಲ್ಲ, ಪಾಠದ ಹೊತ್ತಿನಲ್ಲಿ ಅವರ ಪಾಲು ತಾನಾಗಿ ಇಳಿಯುತ್ತದೆ. ಕೀಲಿಯನ್ನು ಕಾಗದದಲ್ಲಿ ಬರೆದು ಫರ್ಹೀನಳ ಮನೆಗೆ ಹೋಗಿ ನಾನೇ ಕೊಟ್ಟೆ. ಆಕೆ ಹೊಲಿಯುವುದನ್ನು ನಿಲ್ಲಿಸಿ, "ಪಾಠ ಮುಗಿಯೋತನಕ ನಾವ್ಯಾರೂ ಹಚ್ಚಂಗಿಲ್ರಿ ಅಕ್ಕಾರ," ಎಂದಳು. ಅಗತ್ಯವಿಲ್ಲವೆಂದೆ. ಇರಲಿ ಬಿಡ್ರಿ ಎಂದಳು.

ಪಟ್ಟಿಯ ಪುಟದಲ್ಲಿ ಪ್ರತಿ ಯಂತ್ರಕ್ಕೂ ನಾವೇ ಹೆಸರಿಡಬಹುದೆಂದು ಇಂದು ತಿಳಿಯಿತು. ಅದಕ್ಕೆ ಕನ್ನಡ ಲಿಪಿ ಬರುವುದಿಲ್ಲ, ಇಂಗ್ಲಿಷ್ ಅಕ್ಷರದಲ್ಲಿಯೇ ಬರೆದೆ. ಗೊಂಚಲುಗಳೆಲ್ಲ ಹೋಗಿ ಮನುಷ್ಯರು ಬಂದರು.

ಮಸ್ತಾನಸಾಬರನ್ನೂ ಪಾಠಕ್ಕೆ ಸೇರಿಸೋಣವೆಂದೆ. ಕಹಕಶಾ ಮೊದಲು ಬೇಡವೆಂದವರು ಆಮೇಲೆ ಒಪ್ಪಿದರು. ಪರದೆಯ ಒಂದು ಭಾಗದಲ್ಲಿ ಅವರು, ಇನ್ನೊಂದರಲ್ಲಿ ದೋರನಹಳ್ಳಿ. ನಡುವೆ ಒಮ್ಮೆ ಚಿತ್ರ ನಿಂತಿತು. ಇವರು ಗಾಬರಿಯಾಗಲಿಲ್ಲ. "ಓವರ್," ಎಂದು ಕಾದರು. ಬಂತು.

ಬಟ್ಟಲಿನ ಚಿತ್ರಕ್ಕೆ ಇವರು ಏನೆಂದರೆಂದು ಮೌನೇಶ್ವರಿ ನಳದ ಕಟ್ಟೆಯಲ್ಲಿ ಈಗಾಗಲೇ ಹೇಳಿದ್ದಾಳೆ, ಸರಿಯಾಗಿಯೇ ಹೇಳಿರುತ್ತಾಳೆ. ಮುಗಿದ ಮೇಲೆ ಎಲ್ಲರಿಗೂ ಎರಡನೆಯ ಸಲ ಮುಂಗಾರು ಮಾಡಿದೆ. ಇವರು ಬಿಸಿಯಿರುವಾಗಲೇ ಕುಡಿದರು.

ಇಂದಿನ ಹಾಜರಿ:

ಕಹಕಶಾ, ಕಲಬುರಗಿಯಿಂದ.
ಮಸ್ತಾನಸಾಬ, ದೋರನಹಳ್ಳಿಯಿಂದ.
ಚಮನಬೀ, ಅವರ ಬೆನ್ನ ಹಿಂದೆ ನಿಂತು, ತಾನಿಲ್ಲವೆಂದು ಹೇಳುತ್ತ.
ಗಯಾಸ, ಎರಡೂ ಫೋನುಗಳನ್ನು ಆರಿಸಿ.
ಫರ್ಹೀನ್, ಕಿಟಕಿಯಾಚೆ.
ಮೌನೇಶ್ವರಿ.
ನಾಗರತ್ನಾ.
ಲಕ್ಷ್ಮೀಕಾಂತ, ಹಾಜರ್.